ಉತ್ತರ ಮೊದಲೇ ಇದ್ದಿತೇ?

1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಗ್ಯಾಲಪ್ ಸಮೀಕ್ಷೆಯು ಕ್ಲಿಂಟನ್ ಹಾಗೂ ಅಲ್ ಗೋರ್ ಪ್ರಾಮಾಣಿಕರೇ ಎಂದು ಜನರನ್ನು ಕೇಳಿತು. ಕ್ಲಿಂಟನ್ನರ ಪ್ರಶ್ನೆಯನ್ನು ಮೊದಲು ಕೇಳಿದಾಗ ಹೌದೆಂದವರು ಶೇ. 50, ಗೋರ್ ಅವರ ತರುವಾಯ ಕೇಳಿದಾಗ ಶೇ. 57. ಪ್ರಶ್ನೆ ಅದೇ, ಸ್ಥಾನವಷ್ಟೇ ಬೇರೆ. ಹಾಗಾದರೆ ಅಭಿಪ್ರಾಯವು ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದಿತೇ, ಕೇಳುವಾಗ ರೂಪುಗೊಂಡಿತೇ?

ಕೊಚೆನ್ ಮತ್ತು ಸ್ಪೆಕರ್ 1967ರಲ್ಲಿ ಪ್ರಕಟಿಸಿದ ಪ್ರಮೇಯವು ಕಣಲೋಕದ ಬಗೆಗೆ ಇಂಥದೇ ಮಾತನ್ನು ಗಣಿತದಿಂದ ಸಾಧಿಸಿತು: ಜೊತೆಯಲ್ಲಿ ನಡೆಯುವ ಇತರ ಅಳತೆಗಳನ್ನು ಅವಲಂಬಿಸದ ಬೆಲೆಗಳನ್ನು ಎಲ್ಲ ಗುಣಗಳಿಗೂ ಮುಂಚಿತವಾಗಿ ನಿಗದಿಪಡಿಸಲಾಗದು. ಬುಸೆಮಾಯರ್ ಮೊದಲಾದ ಮನೋವಿಜ್ಞಾನಿಗಳು ಕ್ವಾಂಟಮ್ ಗಣಿತವನ್ನು ನಿರ್ಧಾರಗಳ ಅಧ್ಯಯನಕ್ಕೆ ತಂದರು. ಇದರಿಂದ ಮಿದುಳು ಕ್ವಾಂಟಮ್ ಯಂತ್ರವೆಂದು ಸಿದ್ಧವಾಗದು. ಪ್ರಶ್ನೆಗಳ ಕ್ರಮದ ಪ್ರಭಾವವೂ ಕಣಗಳ ಸಂದರ್ಭಾಧೀನತೆಯೂ ಒಂದೇ ಅಲ್ಲ. ಆದರೂ ಜನಮತವನ್ನು ಅಳೆಯುವವನು ಕೇವಲ ಸಾಕ್ಷಿಯಲ್ಲ, ಉತ್ತರದಲ್ಲಿ ಪಾಲುಗಾರ ಎಂಬುದು ಇಲ್ಲಿ ಸ್ಪಷ್ಟ.