ಕರಿ ಗೆರೆ ಹಿಡಿದು

ನನ್ನ ಹಳೆಯ ಮರ್ಸಿಡಿಸ್ 240 ಡಿ ನೋಡಿದವರೆಲ್ಲ ಎಂಜಿನ್ ಬಗ್ಗೆಯೇ ಕೇಳುತ್ತಾರೆ. ಎಷ್ಟು ಲಕ್ಷ ಕಿಲೋಮೀಟರ್ ಓಡಿದೆ, ಬಿಡಿಭಾಗ ಈಗಲೂ ಸಿಗುತ್ತಾ, ಡೀಸೆಲ್ ಎಷ್ಟು ಕುಡಿಯುತ್ತೆ. ನಾನು ಉತ್ತರ ಹೇಳುತ್ತಲೇ ಅವರನ್ನು ಮೆಲ್ಲಗೆ ಒಳಗೆ ಕೂರಿಸಿ, ಎದುರಿಗಿರುವ ಮರದ ಪಟ್ಟಿಯ ಮೇಲೆ ಒಮ್ಮೆ ಕೈಯಾಡಿಸಿ ಎನ್ನುತ್ತೇನೆ. ಈ ಕಾರಿನಲ್ಲಿ ನನ್ನ ಪ್ರಾಣವಿರುವುದು ಅಲ್ಲಿ.

ಡಬ್ಲ್ಯು 123 ಎಂದು ಕರೆಸಿಕೊಳ್ಳುವ ಈ ಸಾಲಿನ ಕಾರುಗಳು 1976ರಿಂದ ಸುಮಾರು ಹತ್ತು ವರ್ಷ ಜರ್ಮನಿಯಲ್ಲಿ ತಯಾರಾದವು. ಒಟ್ಟು ಹತ್ತಿರಹತ್ತಿರ 27 ಲಕ್ಷ. ನನ್ನ ಕಾರಿನ ಒಳಗೆ ಹಾಕಿರುವುದು ಜೀಬ್ರಾನೊ ಮರ. ಗಬೋನ್, ಕ್ಯಾಮರೂನ್ ಕಡೆಯ ಕಾಡಿನದು. ಜೇನುಬಣ್ಣದ ಮೈ, ಅದರ ತುಂಬ ಒತ್ತೊತ್ತಾಗಿ ಕಡುಕಂದು ಗೆರೆಗಳು. ದಿಮ್ಮಿಯನ್ನು ಸರಿಯಾದ ಕೋನದಲ್ಲಿ ಸೀಳಿದರೆ ಮಾತ್ರ ಆ ಗೆರೆಗಳು ನೇರವಾಗಿ ಬರುತ್ತವೆ. ಉಜ್ಜುವಾಗ ಮಾತ್ರ ಈ ಚೆಲುವೆಗೆ ಕೆಟ್ಟ ವಾಸನೆ, ಅದನ್ನೂ ಹೇಳಿಬಿಡಬೇಕು.

ಕಾರು ನನ್ನ ಕೈಗೆ ಬಂದಾಗ ಪಟ್ಟಿಗಳ ಮೇಲಿನ ವಾರ್ನಿಷ್ ಹಳೇ ಪಿಂಗಾಣಿ ಬಟ್ಟಲಿನಂತೆ ಬಿರುಕುಬಿಟ್ಟಿತ್ತು. ಇದು ಬಿಸಿಲಿನ ಕೆಲಸ. ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲಿನ ವಾರ್ನಿಷ್ ಹೊಸದಿದ್ದಾಗ ಅದರ ಜೊತೆ ಬಾಗುತ್ತದೆ. ಬಿಸಿಲಿಗೆ ಒಣಗಿ ಗಡಸಾದ ಮೇಲೆ ಬಾಗಲಾರದೆ ಸೀಳುತ್ತದೆ. ಸೀಳಿನಲ್ಲಿ ನೀರಿಳಿದ ಕಡೆ ಮರ ಬೂದಿಬಣ್ಣಕ್ಕೆ ತಿರುಗುತ್ತದೆ.

ಎಲ್ಲ ಕಿತ್ತು ಹೊಸದು ಹಾಕಿಸಿ ಎಂದವರು ಹಲವರು. ಮರದ ಚಿತ್ರ ಅಚ್ಚುಹಾಕಿದ ಪ್ಲಾಸ್ಟಿಕ್ ಹಾಳೆಯೂ ಸಿಗುತ್ತದೆ, ಅರ್ಧ ದಿನದಲ್ಲಿ ಅಂಟಿಸಿ ಮುಗಿಸಬಹುದು. ನನಗೆ ಮನಸ್ಸು ಬರಲಿಲ್ಲ. ಗೇರಿನ ಸುತ್ತಲಿನ ತುಂಡು, ರೇಡಿಯೊ ಸುತ್ತಲಿನ ತುಂಡು, ಬೂದಿ ತಟ್ಟೆಯ ಮುಚ್ಚಳ, ಎಲ್ಲದರ ಗೆರೆಗಳೂ ಒಂದಕ್ಕೊಂದು ಹೊಂದಿ ಒಂದೇ ಮನೆಯವರ ಹಾಗೆ ಕೂತಿದ್ದವು. ಒಂದನ್ನು ಬದಲಿಸಿದರೆ ಉಳಿದವು ಪರದೇಶಿಗಳಾಗುತ್ತವೆ.

ಹೀಟ್ ಗನ್ನಿನಿಂದ ಹದವಾಗಿ ಬಿಸಿ ಮಾಡಿ, ಹಳೇ ವಾರ್ನಿಷನ್ನು ಚಪ್ಪಟೆ ಉಳಿಯಿಂದ ಎಬ್ಬಿಸಿದೆ. ಉಗುರಿನಂಥ ಚಕ್ಕೆಗಳಾಗಿ ಏಳುತ್ತದೆ. ಅದರಡಿಯಲ್ಲಿ ಮರ ಕಂಡ ಆ ಕ್ಷಣಕ್ಕೆ ಸಮ ಯಾವುದೂ ಇಲ್ಲ. ಆದರೆ ಆ ಮರ ಎಂಬುದು ಒಂದು ಮಿಲಿಮೀಟರೂ ದಪ್ಪವಿಲ್ಲದ ಹಾಳೆ. ಮುಚ್ಚಳದ ಒಂದು ಮೂಲೆಯಲ್ಲಿದ್ದ ಕಲೆ ಹೋಗಲೆಂದು ಇನ್ನೆರಡು ಸಲ ಸ್ಯಾಂಡ್ ಪೇಪರ್ ಎಳೆದೆ. ಹಾಳೆ ಸವೆದು ಕೆಳಗಿನ ಪದರ ಬೆಳ್ಳಗೆ ಇಣುಕಿತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮರುದಿನ ಮುಚ್ಚಳ ಹಿಡಿದು ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಹೋದೆ. ಬೀಟೆ ಮರದಲ್ಲಿ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ಹಳ್ಳಿ, ಹೊಳೆ ಮೂಡಿಸುವ ಇನ್‌ಲೇ ಕೆಲಸದವರು ಇರುವುದು ಅಲ್ಲೇ. ಅಲ್ಲೊಬ್ಬ ವಯಸ್ಸಾದ ಕುಶಲಕರ್ಮಿ ಮುಚ್ಚಳವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. ತೇಪೆ ಹಾಕಲು ಚೌಕ ಕತ್ತರಿಸಲೇ ಎಂದು ಕೇಳಿದೆ.

“ಚೌಕ ಬೇಡಿ ಸಾರ್. ಕಣ್ಣು ಚೌಕಾನ ಎಲ್ಲಿದ್ರೂ ಹುಡುಕಿಬಿಡುತ್ತೆ. ಈ ಕರಿ ಗೆರೆ ಇದೆಯಲ್ಲ, ಇದನ್ನೇ ಹಿಡ್ಕೊಂಡು ಹೋಗಿ. ಜೋಡಣೆ ಅದರೊಳಗೇ ಮುಳುಗುತ್ತೆ.”

“ನಾನು ಮಾಡಿದರೆ ಬರುತ್ತಾ ಭಾಯ್?”

“ಗರಗಸಕ್ಕೆ ಅವಸರ ಮಾಡಬೇಡಿ, ಬರುತ್ತೆ.”

ಗುಜರಿಯಲ್ಲಿ ಇದೇ ಸಾಲಿನ ಕಾರಿನ ಮುರಿದ ತುಂಡೊಂದು ಸಿಕ್ಕಿತ್ತು. ಅದರಿಂದ ಅಗಲ ಗೆರೆಯಿರುವ ಕಡೆ ಆರಿಸಿ, ಕೂದಲಿನಂಥ ಗರಗಸದಲ್ಲಿ ಕರಿ ಗೆರೆಯ ಅಂಚಿನಲ್ಲೇ ಕತ್ತರಿಸಿದೆ. ಅಕ್ಕಿ ಕಾಳಿನಷ್ಟು ಉದ್ದ ಕತ್ತರಿಸಿ ಉಸಿರು ಬಿಡುವುದು, ಮತ್ತೆ ಅಷ್ಟು. ನಾಲ್ಕನೆಯ ತೇಪೆ ಕೂತಿತು. ಅಂಟು ಹಾಕಿ, ಮೇಲೆ ಮೇಣದ ಕಾಗದ, ಅದರ ಮೇಲೆ ಮಟ್ಟಸ ಹಲಗೆ ಇಟ್ಟು ಕ್ಲಾಂಪ್ ಬಿಗಿದೆ. ಬೆಳಿಗ್ಗೆ ಬಿಚ್ಚಿದಾಗ ಬೆರಳಿಗೆ ಜೋಡಣೆ ತಾಕಲಿಲ್ಲ.

ಉಳಿದದ್ದು ತಾಳ್ಮೆ. ಎರಡು ಭಾಗ ಬೆರೆಸುವ ಪಾರದರ್ಶಕ ಲ್ಯಾಕರ್ ಎಂಟು ಕೈ ಹೊಡೆದೆ. ಒಂದು ಕೈ ಪೂರ್ತಿ ಒಣಗದೆ ಮುಂದಿನದಿಲ್ಲ. ಆಮೇಲೆ ವಾಟರ್ ಪೇಪರ್, 600ರಿಂದ 2000ದವರೆಗೆ. ಮೊದಲು ಹೊಳಪೆಲ್ಲ ಸತ್ತು ಹಾಲಿನಂತೆ ಮಂಕಾಗುತ್ತದೆ. ಕೊನೆಗೆ ಪಾಲಿಶ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕುತ್ತ ಬಂದರೆ ಆಳದಿಂದ ಗೆರೆಗಳು ಎದ್ದು ಬರುತ್ತವೆ, ನೀರಿನ ಕೆಳಗಿನ ಮೀನಿನ ಬೆನ್ನಿನ ಹಾಗೆ. ಈ ಕೊನೆಯ ಅರ್ಧ ಗಂಟೆಗಾಗಿ ನಾನು ಇನ್ನೂ ಎಷ್ಟು ತಿಂಗಳಾದರೂ ಉಜ್ಜಿಯೇನು.

ತೇಪೆ ಎಲ್ಲಿದೆ ಎಂದು ನನಗೆ ಗೊತ್ತು, ನೋಡಿದವರಿಗೆ ಇದುವರೆಗೆ ಸಿಕ್ಕಿಲ್ಲ. ಈಗ ಕಾರನ್ನು ನೆರಳಿನಲ್ಲೇ ನಿಲ್ಲಿಸುತ್ತೇನೆ, ಗಾಜಿಗೆ ಬಟ್ಟೆ ಕಟ್ಟುತ್ತೇನೆ.

ಹಳೇ ಕಾರು ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಹೊಸ ಪಟ್ಟಿ ಹಾಕಿಸಲೇಬೇಕಾದರೆ ಹಾಕಿಸಿ. ಬಿಚ್ಚಿದ ಹಳೆಯದನ್ನು ಎಸೆಯಬೇಡಿ. ಒಂದು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಮುಂದೆ ಯಾರಿಗಾದರೂ ಅದರಿಂದ ಒಂದು ಗೆರೆ ಬೇಕಾದೀತು.