ಹೊಲಿಗೆಯ ಟೇಪು ಹಿಡಿದು ದೋಣಿ ನೋಡಿದೆ

ತಮ್ಮ ನನ್ನ ಬಂಗಾರ ಕೇಳಲು ಬಂದಾಗ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಹದಿನೆಂಟು ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವನು. ಅಂಗಡಿ, ಟೆಂಪೋ ಎಂದೆಲ್ಲ ಆರು ತಿಂಗಳು ಯೋಚಿಸಿ ಕೊನೆಗೆ ದೋಣಿಗೆ ಬಂದು ನಿಂತಿದ್ದ. ಮೀನಿನ ದೋಣಿಯಲ್ಲ, ಕ್ಯಾಬಿನ್ ಕ್ರೂಸರ್. ಅಂದರೆ ಕೂರಲು, ಮಲಗಲು ಕೋಣೆ, ಪುಟ್ಟ ಅಡುಗೆಮನೆ, ಶೌಚಾಲಯ ಎಲ್ಲ ಇರುವ ಯಂತ್ರದ ದೋಣಿ. ಮಂಗಳೂರಿನ ಫಲ್ಗುಣಿ ನದಿಯಲ್ಲಿ ಕುಟುಂಬಗಳನ್ನು ಸುತ್ತಾಡಿಸುವುದು ಅವನ ಯೋಜನೆ.

“ನಮ್ಮ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನೆಮ್ಮದಿಯಾಗಿ ಹೋಗುವಂಥದ್ದು ಒಂದೂ ಇಲ್ಲ ಅಕ್ಕಾ. ಪರದೆ ಇರುವ ಕೋಣೆ, ನಮಾಝ್‌ಗೆ ಜಾಗ, ಎಲ್ಲ ಮಾಡಿಸುತ್ತೇನೆ” ಅಂದ. ಬ್ಯಾಂಕಿಗೆ ಹೋದರೆ ಬಡ್ಡಿ. ಅದು ಬೇಡವೆಂದು ನನ್ನ ಹತ್ತಿರ ಬಂದಿದ್ದ. ಅವನ ಮಾತು ನನಗೆ ಹಿಡಿಸಿತು. ಆದರೆ ಹದಿನೆಂಟು ಪವನ್ ಬಂಗಾರ ಎಂದರೆ ನನ್ನ ಮಗಳ ಮದುವೆ. “ಮೊದಲು ದೋಣಿ ತೋರಿಸು” ಎಂದೆ. ಅವನು ನಕ್ಕ. “ನಿನಗೆ ದೋಣಿಯ ವಿಷಯ ಏನು ಗೊತ್ತು?” ನಿಜ, ನನಗೆ ಈಜು ಕೂಡ ಬಾರದು. ಆದರೆ ಆ ದೋಣಿಗೆ ಹತ್ತುವವರೂ ಈಜು ಬಾರದ ನನ್ನಂಥವರೇ ಅಲ್ಲವೇ?

ದೋಣಿ ತಯಾರಾಗುತ್ತಿದ್ದುದು ಕೊಚ್ಚಿಯ ಹತ್ತಿರ ಒಂದು ಶೆಡ್ಡಿನಲ್ಲಿ. ರೈಲಿನಲ್ಲಿ ಹೋದೆವು. ದಾರಿಯಲ್ಲಿ ತಾನೂರು ನಿಲ್ದಾಣ ಬಂತು. ಆ ಹೆಸರು ಓದಿದ ಕೂಡಲೇ ಇಬ್ಬರೂ ಮಾತು ನಿಲ್ಲಿಸಿದೆವು. 2023ರ ಮೇ 7, ಭಾನುವಾರದ ಸಂಜೆ, ಅಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಹೆಚ್ಚಿನವರು ಮಹಿಳೆಯರು ಮತ್ತು ಮಕ್ಕಳು. ಒಂದೇ ಕುಟುಂಬದ ಹನ್ನೊಂದು ಮಂದಿ ಅದರಲ್ಲಿದ್ದರು. ಮೀನಿನ ದೋಣಿಯನ್ನು ಮಾರ್ಪಡಿಸಿ ಎರಡು ಅಂತಸ್ತು ಮಾಡಿದ್ದರು, ಮಿತಿ ಮೀರಿ ಜನರನ್ನು ಹತ್ತಿಸಿದ್ದರು. ರಜೆಯ ಖುಷಿಗೆಂದು ಹೊರಟವರು. ತಮ್ಮ ಕಿಟಕಿಯಾಚೆ ನೋಡುತ್ತ ಕುಳಿತ. ನಾನು ಚೀಲದೊಳಗಿನ ಹೊಲಿಗೆಯ ಟೇಪನ್ನು ಮುಟ್ಟಿ ನೋಡಿಕೊಂಡೆ.

ದೋಣಿ ನೋಡಿದಾಗ, ಸುಳ್ಳು ಹೇಳುವುದಿಲ್ಲ, ಮನಸ್ಸು ಸೋತಿತು. 32 ಅಡಿ ಉದ್ದ, 10 ಅಡಿ ಅಗಲ. ಬಿಳಿ ಫೈಬರ್ ಮೈ, ಒಳಗೆ ತೇಗದ ಬಣ್ಣದ ಹಲಗೆ, ಮೆತ್ತನೆಯ ಆಸನಗಳು, ಎ.ಸಿ. ಮೇಲೆ ಏಣಿ ಹತ್ತಿ ಹೋದರೆ ಬಯಲು ಮಾಳಿಗೆ. ಅಲ್ಲಿ ಹತ್ತು ಜನ ಕೂರಬಹುದು, ಫೋಟೊ ತೆಗೆಯಲು ಪ್ರಶಸ್ತ. ಶೆಡ್ಡಿನ ಮೇಲ್ವಿಚಾರಕರು ಅದನ್ನೇ ಮೊದಲು ತೋರಿಸಿದರು. ಅವರ ಮಲಯಾಳಂ ನಮ್ಮ ಬ್ಯಾರಿ ಭಾಷೆಗೆ ಹತ್ತಿರವಾದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ.

ನಾನು ಅಡುಗೆಮನೆಯಿಂದ ಶುರು ಮಾಡಿದೆ. ಒಲೆಯ ಸುತ್ತ ಕಟ್ಟೆಯಿಲ್ಲ. ದೋಣಿ ವಾಲಿದರೆ ಕುದಿಯುವ ಚಹಾ ಮಗುವಿನ ಮೇಲೆ. ಗ್ಯಾಸ್ ಸಿಲಿಂಡರು ಒಲೆಯ ಕೆಳಗಿನ ಕಪಾಟಿನಲ್ಲೇ ಇತ್ತು. ನಮ್ಮ ಮನೆಗಳಲ್ಲಿ ಹಾಗೇ ಇರುತ್ತದಲ್ಲ ಎಂದು ತಮ್ಮ ಹೇಳಿದ. ಮನೆಯಲ್ಲಾದರೆ ಬಾಗಿಲು ತೆರೆದರೆ ಸೋರಿದ ಗ್ಯಾಸ್ ನೆಲದ ಮೇಲೆ ಹರಿದು ಹೊರಗೆ ಹೋಗುತ್ತದೆ. ದೋಣಿಗೆ ಹೊಸ್ತಿಲೇ ಇಲ್ಲ. ಅದೊಂದು ಬೋಗುಣಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದ್ದು ದೋಣಿಯ ತಳದಲ್ಲಿ ಇಳಿದು ಕೂರುತ್ತದೆ. ಎಂಜಿನ್ ಚಾಲೂ ಮಾಡಿದಾಗ ಒಂದು ಕಿಡಿ ಸಾಕು. ಸಿಲಿಂಡರು ಹೊರಗಿನ ಪ್ರತ್ಯೇಕ ಪೆಟ್ಟಿಗೆಯಲ್ಲಿರಬೇಕು, ಪೆಟ್ಟಿಗೆಯ ತಳದಲ್ಲಿ ದೋಣಿಯ ಹೊರಕ್ಕೆ ತೂತಿರಬೇಕು. ಇದನ್ನು ಮೇಲ್ವಿಚಾರಕರೂ ಒಪ್ಪಿದರು. “ಗಿರಾಕಿಗಳು ಕೇಳಿದರೆ ಮಾಡಿಕೊಡುತ್ತೇವೆ” ಅಂದರು. ಕೇಳದಿದ್ದರೆ?

ಶೌಚಾಲಯದಲ್ಲಿ ಟಿಶ್ಯೂ ಸುರುಳಿ ಇತ್ತು, ನೀರಿನ ನಲ್ಲಿ ಇರಲಿಲ್ಲ. ಅದು ಸುಲಭದ ಕೆಲಸ. ವುಝೂಗೆಂದು ಹೊರಗೆ ಒಂದು ನಲ್ಲಿ, ಕೂರಲು ಮಣೆ ಎಂದೂ ಬರೆಸಿದೆ. ಆದರೆ ಆ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಯಾರಾದರೂ ತಲೆಸುತ್ತಿ ಒಳಗೆ ಬಿದ್ದರೆ ಬಾಗಿಲಿಗೆ ಅವರ ಮೈಯೇ ಅಡ್ಡ.

ಮುಂದಿನ ಕೋಣೆ, ತಮ್ಮ ಹೆಂಗಸರಿಗೆಂದು ಹೇಳುತ್ತಿದ್ದುದು, ಅದೇ ಅತ್ಯಂತ ಚೆಂದವಾಗಿತ್ತು. ಅಲ್ಲಿಗೆ ಇಳಿಯಲು ನಾಲ್ಕು ಕಡಿದಾದ ಮೆಟ್ಟಿಲು, ಒಂದೇ ಬಾಗಿಲು. ಅಗಲ ಅಳೆದೆ: 21 ಅಂಗುಲ. ಬುರ್ಖಾ ತೊಟ್ಟು, ಸೊಂಟದಲ್ಲಿ ಮಗು ಎತ್ತಿಕೊಂಡು ಅಡ್ಡಡ್ಡ ಹೋಗಬೇಕು. ಕಿಟಕಿಗಳು ದೊಡ್ಡವು, ಆದರೆ ತೆರೆಯುವುದಿಲ್ಲ. ಎ.ಸಿ. ಗಾಳಿ ಹೋಗದಂತೆ ಗಾಜನ್ನು ಅಂಟಿಸಿದ್ದಾರೆ. ಚಾವಣಿಯಲ್ಲಿ ಒಂದು ಚೌಕದ ಮುಚ್ಚಳ ಇತ್ತು. ಇಂಥ ದೋಣಿಗಳಲ್ಲಿ ಅಪಾಯವಾದಾಗ ಅದರಿಂದಲೇ ಹೊರಬರಬೇಕು. ಅಗಲ 14 ಅಂಗುಲ, ಅದಕ್ಕೂ ಸ್ಕ್ರೂ ಬಿಗಿದಿದ್ದರು.

ನಾನು ಹಾಸಿಗೆಯ ಮೇಲೆ ಕುಳಿತು, ಕೋಣೆಯಲ್ಲಿ ಎಂಟು ಹೆಂಗಸರು, ಆರು ಮಕ್ಕಳು ಇರುವಂತೆ ಕಲ್ಪಿಸಿಕೊಂಡೆ. ಕೂಡಲೇ ಎದ್ದು ಹೊರಗೆ ಬಂದೆ.

ಲೈಫ್ ಜಾಕೆಟ್‌ಗಳು ಎಲ್ಲಿ ಎಂದು ಕೇಳಿದಾಗ ಅದೇ ಹಾಸಿಗೆ ಎತ್ತಿ ತೋರಿಸಿದರು. ಎಲ್ಲವೂ ದೊಡ್ಡವರ ಅಳತೆ, ಮಕ್ಕಳದ್ದು ಒಂದೂ ಇಲ್ಲ. ಬುರ್ಖಾದ ಮೇಲೆ ಒಂದನ್ನು ತೊಟ್ಟು ನೋಡಿದೆ, ಪಟ್ಟಿ ಸರಿಯಾಗಿಯೇ ಬಿಗಿಯಿತು. ಆದರೆ ಅಲ್ಲಿದ್ದ ಒಬ್ಬ ಹಿರಿಯ ಕೆಲಸಗಾರರು ಮೆಲ್ಲಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. ಮುಚ್ಚಿದ ಕೋಣೆಯೊಳಗೆ ನೀರು ತುಂಬಿದರೆ ಜಾಕೆಟ್ ಮನುಷ್ಯನನ್ನು ಮೇಲಕ್ಕೆ ತಳ್ಳಿ ಅಲ್ಲೇ ಸಿಕ್ಕಿಸಿಬಿಡುತ್ತದಂತೆ, ಕೆಳಗೆ ಮುಳುಗಿ ಬಾಗಿಲು ಹುಡುಕಲು ಬಿಡುವುದಿಲ್ಲವಂತೆ. ಜಾಕೆಟ್ ಇದ್ದರೆ ಸಾಲದು, ಹೊರಗೆ ಬರುವ ದಾರಿಯೂ ಬೇಕು.

ಕೊನೆಗೆ ಆ ಮಾಳಿಗೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಭಾರ ಮೇಲೆ ಹೋದಷ್ಟೂ ಕಾಲು ತಡವರಿಸುತ್ತದೆ. 10 ಅಡಿ ಅಗಲದ ದೋಣಿಯ ನೆತ್ತಿಯ ಮೇಲೆ ಹತ್ತು ಜನ. ಡಾಲ್ಫಿನ್ ಕಂಡಿತು ಎಂದು ಯಾರಾದರೂ ಕೂಗಿದರೆ ಹತ್ತೂ ಜನ ಒಂದೇ ಬದಿಗೆ ಓಡುತ್ತಾರೆ. ಓಡದಿರಿ ಎಂದು ಬೋರ್ಡು ಹಾಕಿದರೆ ಸಾಕೇ? ಅದೂ ಬೆಂಗರೆಯ ಅಳಿವೆಬಾಗಿಲಿನ ಹತ್ತಿರ, ನದಿ ನೀರೂ ಕಡಲ ಅಲೆಯೂ ಎದುರುಬದುರಾಗುವ ಕಡೆ.

“ಇಷ್ಟೆಲ್ಲ ಹೆದರಿದರೆ ಮನೆಯಿಂದ ಹೊರಗೇ ಬರಬಾರದು. ಅಲ್ಲಾಹನ ಮೇಲೆ ತವಕ್ಕುಲ್ ಇಡು ಅಕ್ಕಾ” ಎಂದ ತಮ್ಮ.

“ಒಂಟೆಯನ್ನು ಕಟ್ಟಿದ ಮೇಲಲ್ಲವೇ ತವಕ್ಕುಲ್?” ಎಂದೆ.

ಅವನಿಗೆ ಬೇಸರವಾಯಿತು. ಮೇಲ್ವಿಚಾರಕರಿಗೂ ಮುಖ ಸಣ್ಣದಾಯಿತು. ಮಾಳಿಗೆ ತೆಗೆದರೆ ಹತ್ತು ಟಿಕೆಟು ಹೋಯಿತು, ಲೆಕ್ಕ ತಪ್ಪಿತು. ಅವನ ಲೆಕ್ಕ ನನಗೂ ಗೊತ್ತು. ಮಳೆಗಾಲದ ತಿಂಗಳುಗಳಲ್ಲಿ ದೋಣಿ ದಡದಲ್ಲೇ ಇರಬೇಕು, ಉಳಿದ ತಿಂಗಳುಗಳಲ್ಲಿ ವರ್ಷದ ಸಂಪಾದನೆಯಾಗಬೇಕು. 2021ರ ಒಳನಾಡು ನೌಕೆಗಳ ಕಾಯಿದೆಯ ಪ್ರಕಾರ ದೋಣಿಗೆ ಸರ್ವೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು, ನೋಂದಣಿಯೂ ಆಗಬೇಕು. ಅದೆಲ್ಲ ಅಧಿಕಾರಿಗಳು ನೋಡಿಕೊಳ್ಳುತ್ತಾರೆ ಎಂದು ಅವನ ವಾದ. ಅವರು ನೋಡಲಿ, ಬಂಗಾರ ಕೊಡುವವಳು ನಾನೂ ನೋಡುತ್ತೇನೆ ಎಂದು ನನ್ನದು. ಮರಳುವಾಗ ರೈಲಿನಲ್ಲಿ ಕಣ್ಣೂರು ದಾಟುವವರೆಗೆ ಅವನು ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಚಹಾ ತಂದುಕೊಟ್ಟ.

ಎರಡು ವಾರ ಕಳೆದು ಫೋನು ಬಂತು. ಮಾಳಿಗೆ ಇರುವುದಿಲ್ಲ, ಬರೇ ಹಗುರ ಚಾವಣಿ. ಮುಂದಿನ ಕೋಣೆಯ ಗೋಡೆಯನ್ನೇ ತೆಗೆದು ಕಿಟಕಿಯ ಜಾಗವನ್ನು ತೆರೆದಿಟ್ಟು ದಪ್ಪ ಪರದೆ ಇಳಿಬಿಡುತ್ತಾರಂತೆ. ಎ.ಸಿ. ಇಲ್ಲ. ಸಿಲಿಂಡರು ಹೊರಗೆ. ಆಸನ ಇಪ್ಪತ್ತರಿಂದ ಹನ್ನೆರಡಕ್ಕೆ ಇಳಿಯಿತು.

“ನೋಡಲು ಮೊದಲಿನಷ್ಟು ಚೆಂದ ಇಲ್ಲ ಅಕ್ಕಾ” ಎಂದ. ದನಿಯಲ್ಲಿ ನೋವಿತ್ತು.

ಬಂಗಾರ ಇನ್ನೂ ಕಪಾಟಿನಲ್ಲೇ ಇದೆ. ಮುಂದಿನ ತಿಂಗಳು ದೋಣಿಯನ್ನು ನೀರಿಗೆ ಇಳಿಸುವಾಗ ಬರುತ್ತೇನೆ ಎಂದಿದ್ದೇನೆ. ಈ ಸಲ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಮಕ್ಕಳ ಅಳತೆಯ ಜಾಕೆಟ್ ಎಷ್ಟು ತರಿಸಿದ್ದಾನೆ ಎಂದು ಕೇಳಲು ಮರೆತೆ.