ಪದ್ಮಿನಿಯ ಆಯಸ್ಸು

ಮುಂಬಯಿಗೆ ಬಂದ ಹೊಸತರಲ್ಲಿ ನನಗೆ ಕಾರೆಂದರೆ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿಯೇ. ಸ್ಟಿಯರಿಂಗಿಗೆ ಅಂಟಿಕೊಂಡ ಗೇರು, ಹೊರಗೆ ಎಡಬದಿಗೆ ಮೀಟರು, ತಲೆಯ ಮೇಲೆ ನಮ್ಮಂಥವರ ಟ್ರಂಕು ಹೊರುವ ಕ್ಯಾರಿಯರು. ಅದರ ಬೇರು ನಮ್ಮ ಮೈಸೂರು ಸೀಮೆಯವರೆಗೂ ಚಾಚಿದೆಯೆಂದು ಆಗ ಯಾರೂ ಹೇಳಿರಲಿಲ್ಲ.

ಮೋಟಾರು ನಮ್ಮಲ್ಲೇ ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಬ್ರಿಟಿಷ್ ಸರ್ಕಾರ ನೆರವಾಗಲಿಲ್ಲ. ಆ ಹಂಬಲವನ್ನು ಪಟ್ಟುಬಿಡದೆ ಮುಂದುವರಿಸಿದವರು ವಾಲಚಂದ್ ಹೀರಾಚಂದ್. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದವರೂ ಅವರೇ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. ಕುರ್ಲಾದ ಕಾರ್ಖಾನೆಯಿಂದ ಮೊದಲು ಕ್ರೈಸ್ಲರ್ ಗಾಡಿಗಳು, ಆಮೇಲೆ ಫಿಯೆಟ್. ಫಿಯೆಟ್ 1100ಕ್ಕೆ 1970ರ ದಶಕದಲ್ಲಿ ಪದ್ಮಿನಿಯೆಂಬ ಹೆಸರು ಬಂತು.

ಲೈಸೆನ್ಸ್ ಕಾಲದಲ್ಲಿ ಗಿರಾಕಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದ. ಕಾರನ್ನು ಬದಲಿಸುವ ದರ್ದು ಕಂಪನಿಗಿರಲಿಲ್ಲ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಆ ನೆಮ್ಮದಿ ಹೋಯಿತು. ಹೊಸ ಶತಮಾನದ ಹೊಸ್ತಿಲಲ್ಲಿ ಪದ್ಮಿನಿಯ ತಯಾರಿಕೆಯೇ ನಿಂತಿತು. ಟ್ಯಾಕ್ಸಿಗಳು ಮಾತ್ರ 2023ರ ಅಕ್ಟೋಬರ್‌ವರೆಗೂ ಓಡಿದವು.

"ಗಟ್ಟಿ ಗಾಡಿ" ಎಂದು ಈಗಲೂ ಗೆಳೆಯರು ಹೊಗಳುವಾಗ ನನಗೆ ನಮ್ಮ ಬಿಲ್ಡಿಂಗಿನ ಕೆಳಗೆ ನಿಲ್ಲುತ್ತಿದ್ದ ಚಾಲಕರು ನೆನಪಾಗುತ್ತಾರೆ. ಬಾನೆಟ್ ಎತ್ತಿ, ತಂತಿ ಬಿಗಿದು, ಹಳೇ ಗಾಡಿಯ ಭಾಗ ತಂದು ಜೋಡಿಸಿ ಮತ್ತೆ ರಸ್ತೆಗಿಳಿಸುತ್ತಿದ್ದರು. ಮಕ್ಕಳ ಫೀಸು, ಊರಿಗೆ ಕಳಿಸುವ ದುಡ್ಡು ಅದರಿಂದಲೇ ಹುಟ್ಟಬೇಕಿತ್ತು. ಸರ್ಕಾರದ 20 ವರ್ಷಗಳ ವಯೋಮಿತಿ ಬಂದಾಗ ಗಾಡಿ ಗುಜರಿಗೆ ಹೋಯಿತು.

ಕಂಪನಿಯ ಹೆಸರು ಉಳಿದದ್ದರಲ್ಲಿ ಅರ್ಧ ಪಾಲಾದರೂ ಈ ವಲಸಿಗರ ಕೈಗಳದ್ದೆಂದು ನನ್ನ ಲೆಕ್ಕ.